ಮೂಗಿನ ತುದಿಯ ಪಾಠ

ಗುಬ್ಬಿಯ ತಾಯಿಯೊಬ್ಬರು ಮಗನನ್ನು ಪಕ್ಕದಲ್ಲೇ ಕೂರಿಸಿಕೊಂಡು ಕೇಳಿದರು: ‘ಪುಸ್ತಕ ಹಿಡಿದರೆ ಹತ್ತು ನಿಮಿಷ ಕೂರಲ್ಲ ಸಾರ್ ಇವನು. ಸೆಕೆಂಡ್ ಪಿಯುಸಿ ಬೇರೆ. ಆ ವಿಪಶ್ಯನ ಶಿಬಿರಕ್ಕೆ ಹಾಕಿದರೆ ಮಾರ್ಕ್ಸ್ ಬರುತ್ತಾ?’ ಹುಡುಗ ನೆಲ ನೋಡುತ್ತಿದ್ದ.

‘ಬರುತ್ತದೆ’ ಎನ್ನಲು ನನಗೆ ನಾಲಗೆ ಹೊರಳಲಿಲ್ಲ. ಹಳೆಯ ಸಂಗತಿಯೊಂದು ನೆನಪಾಯಿತು. ಬರ್ಮಾದಲ್ಲಿ ಹುಟ್ಟಿದ ವ್ಯಾಪಾರಿ ಸತ್ಯನಾರಾಯಣ ಗೋಯೆಂಕಾ (1924-2013) ಅವರಿಗೆ ವಿಪರೀತ ತಲೆಶೂಲೆ. ದೇಶವಿದೇಶದ ವೈದ್ಯರಿಗೆ ತೋರಿಸಿ ಸೋತು, 1955ರಲ್ಲಿ ರಂಗೂನಿನ ಊ ಬಾ ಖಿನ್ ಅವರಲ್ಲಿಗೆ ಹೋದರು. ಗುರು ಎಂದರೆ ಕಾವಿ ತೊಟ್ಟವರಲ್ಲ, ಸರ್ಕಾರದ ಅಕೌಂಟೆಂಟ್ ಜನರಲ್! ತಲೆನೋವು ವಾಸಿಗೆಂದು ಬಂದಿದ್ದರೆ ಇಲ್ಲಿ ಜಾಗವಿಲ್ಲ ಎಂದುಬಿಟ್ಟರು ಅವರು. ಮನಸ್ಸು ಶುದ್ಧಿಗೆಂದು ಬಂದ ಮೇಲೆ ಗೋಯೆಂಕಾ ಕಲಿತರು, ತಲೆನೋವೂ ಹೋಯಿತು. 1969ರಲ್ಲಿ ಭಾರತಕ್ಕೆ ಬಂದು ಈ ವಿದ್ಯೆಯನ್ನು ಹಂಚತೊಡಗಿದರು. ಮಾರ್ಕ್ಸಿನ ಕಥೆಯೂ ಇಷ್ಟೆ.

ನಮ್ಮ ಜಿಲ್ಲೆಯವರಿಗೆ ಹತ್ತಿರದ ಕೇಂದ್ರ ಧಮ್ಮ ಪಫುಲ್ಲ. ತುಮಕೂರು-ಬೆಂಗಳೂರು ಹೆದ್ದಾರಿಯಿಂದ ಒಳಗೆ, ದಾಸನಪುರ ಹೋಬಳಿಯ ಆಲೂರಿನಲ್ಲಿದೆ. ಹತ್ತು ದಿನ ಮಾತಿಲ್ಲ, ಮೊಬೈಲಿಲ್ಲ, ಪುಸ್ತಕ-ಪೆನ್ನೂ ಇಲ್ಲ. ಬೆಳಗಿನ ನಾಲ್ಕಕ್ಕೆ ಗಂಟೆ. ಶುಲ್ಕ ಕೇಳುವುದಿಲ್ಲ, ಹಿಂದೆ ಕಲಿತವರ ದಾನದಿಂದಲೇ ಎಲ್ಲ ನಡೆಯುತ್ತದೆ. ರಾತ್ರಿ ಊಟವಿಲ್ಲ, ಹೊಸಬರಿಗೆ ಸಂಜೆ ಹಣ್ಣು, ಟೀ. ಮುದ್ದೆ ಉಂಡು ಮಲಗುವ ನಮ್ಮ ಸೀಮೆಯವರಿಗೆ ಎರಡನೆಯ ದಿನವೇ ಬಸ್‌ ಸ್ಟ್ಯಾಂಡ್ ನೆನಪಾದರೆ ಆಶ್ಚರ್ಯವಿಲ್ಲ.

ಮೊದಲ ಮೂರು ದಿನ ಬರಿಯ ಉಸಿರು. ಅದಕ್ಕೆ ಆನಾಪಾನ ಎನ್ನುತ್ತಾರೆ. ಮನೆಯಲ್ಲೂ ಕೂತು ನೋಡಬಹುದು. ಬೆನ್ನು ನೆಟ್ಟಗಿರಲಿ, ಕಣ್ಣು ಮುಚ್ಚಿ. ಪ್ರಾಣಾಯಾಮದಂತೆ ಉಸಿರನ್ನು ಎಳೆಯಬೇಡಿ, ತಡೆಯಬೇಡಿ. ಎಣಿಕೆಯಿಲ್ಲ, ಜಪವಿಲ್ಲ. ಮೂಗಿನ ಹೊಳ್ಳೆಯ ಬಳಿ ಅದು ಬರುವುದು, ಹೋಗುವುದು ತಿಳಿದರೆ ಸಾಕು. ನಾಲ್ಕು ಉಸಿರಿಗೇ ಮನಸ್ಸು ಕುಣಿಗಲ್ ಫಾರಂನ ಕುದುರೆಮರಿಯಂತೆ ಬೇಲಿ ಹಾರುತ್ತದೆ. ಬೈಯಬೇಡಿ, ಮರಳಿ ಕರೆತನ್ನಿ. ಹತ್ತು ನಿಮಿಷದಲ್ಲಿ ಐವತ್ತು ಸಲ ಕರೆತಂದಿರೋ, ಐವತ್ತು ಸಲ ಅಭ್ಯಾಸ ಆಯಿತೆಂದೇ ಲೆಕ್ಕ.

ನಾಲ್ಕನೆಯ ದಿನದಿಂದ ವಿಪಶ್ಯನ. ಪಾಳಿಯಲ್ಲಿ ವಿಪಸ್ಸನಾ, ಅಂದರೆ ಇದ್ದದ್ದನ್ನು ಇದ್ದಂತೆ ಕಾಣುವುದು. ನೆತ್ತಿಯಿಂದ ಅಂಗಾಲಿನವರೆಗೆ ಮೈಯ ಸಂವೇದನೆಗಳನ್ನು ನೋಡುತ್ತ ಹೋಗಬೇಕು. ಮಂಡಿ ನೋಯುತ್ತದೆ. ನೋಡುತ್ತ ಕೂತರೆ ಅದು ಉರಿಯಾಗಿ, ಜುಮುಗುಟ್ಟಿ, ಸರಿದುಹೋಗುತ್ತದೆ. ಬುದ್ಧ ‘ಅನಿಚ್ಚ’ ಎಂದದ್ದು ಇದನ್ನೇ. ಪರೀಕ್ಷೆಯ ಹಿಂದಿನ ರಾತ್ರಿ ಹೊಟ್ಟೆಯಲ್ಲಿ ಏಳುವ ಸಂಕಟವೂ ಇದೇ ಜಾತಿಯದು. ಅದು ಬಂದದ್ದನ್ನು ಕಂಡ ಹುಡುಗನಿಗೆ ಹೋಗುವುದನ್ನು ಕಾಯುವಷ್ಟು ತಾಳ್ಮೆ ಬರಬಹುದು. ನನಗೆ ಮಾರ್ಕ್ಸಿಗಿಂತ ಇದೇ ದೊಡ್ಡದಾಗಿ ಕಾಣುತ್ತದೆ.

ಪಾಲಕರು ಒಂದು ವಿಷಯದಲ್ಲಿ ಎಚ್ಚರವಿರಬೇಕು. ಖಿನ್ನತೆ, ವಾರಗಟ್ಟಲೆ ನಿದ್ದೆಗೇಡು, ಇಲ್ಲದ ದನಿ ಕೇಳಿಸುವುದು, ಇವಕ್ಕೆ ಮೊದಲು ವೈದ್ಯರು. ಧ್ಯಾನ ಔಷಧಿಯ ಬದಲಿಯಲ್ಲ. ಶಿಬಿರದ ಅರ್ಜಿಯಲ್ಲಿ ಆರೋಗ್ಯದ ಪ್ರಶ್ನೆಗಳಿರುತ್ತವೆ, ಮದುವೆ ಸಂಬಂಧ ಕೆಟ್ಟೀತೆಂದು ಅಲ್ಲೂ ಮುಚ್ಚಿಡಬೇಡಿ. ಚಿಕ್ಕ ಮಕ್ಕಳಿಗೆ ಹತ್ತು ದಿನ ಬೇಡ. ಎಂಟು ವರ್ಷದ ಮೇಲ್ಪಟ್ಟವರಿಗೆ ಆನಾಪಾನದ ಚಿಕ್ಕ ಶಿಬಿರಗಳೇ ಬೇರೆ ಇವೆ. ಶಿಕ್ಷೆಯೆಂದು ಮಾತ್ರ ಯಾರನ್ನೂ ಕಳಿಸಬಾರದು.

‘ಹಾಗಾದರೆ ಇವನನ್ನು ಕಳಿಸೋದು ಬೇಡವಾ?’ ಎಂದರು ಆ ತಾಯಿ.

‘ಪರೀಕ್ಷೆ ಮುಗಿಯಲಿ, ಅವನೇ ಕೇಳಿದರೆ ಕಳಿಸಿ. ಅಲ್ಲಿಯವರೆಗೆ ಬೆಳಿಗ್ಗೆ ಹತ್ತು ನಿಮಿಷ ಇಬ್ಬರೂ ಕೂತ್ಕೊಳ್ಳಿ.’

‘ನಾನಾ? ಬೆಳಿಗ್ಗೆ ನನಗೆಲ್ಲಿ ಸಾರ್ ಪುರುಸೊತ್ತು!’

ಹುಡುಗ ಆಗ ತಲೆಯೆತ್ತಿ ಅಮ್ಮನ ಮುಖ ನೋಡಿದ.