ಗುಳಿಗೆ ಕೊಟ್ಟರೆ ಸಾಲದು, ಗಂದೆಯ ಹೊಣೆಯನ್ನೂ ಹೊರಬೇಕು

ಎಚ್.ಐ.ವಿ. ಸೋಂಕಿತರಿಗೆ ಸರ್ಕಾರ ಉಚಿತವಾಗಿ ಔಷಧ ಕೊಡತೊಡಗಿದ್ದು 2004ರ ಏಪ್ರಿಲ್ 1ರಿಂದ. ನಮ್ಮ ಜಿಲ್ಲೆಯವರಿಗೆ ದಾವಣಗೆರೆಯ ಚಿಗಟೇರಿ ಆಸ್ಪತ್ರೆಯ ಎ.ಆರ್.ಟಿ. ಕೇಂದ್ರದಲ್ಲಿ ಅದು ದೊರೆಯುತ್ತದೆ. ಇದು ಯಾರೋ ಹಾಕಿದ ಭಿಕ್ಷೆಯಲ್ಲ, ಜನತೆಯ ಹಕ್ಕು. ಆದರೆ ಗುಳಿಗೆ ಕೈಗಿತ್ತ ಮಾತ್ರಕ್ಕೆ ಸರ್ಕಾರದ ಕರ್ತವ್ಯ ತೀರಿತೆಂದು ನಾವು ಒಪ್ಪಲಾರೆವು.

ಕೆಲವರಿಗೆ ಔಷಧ ಆರಂಭಿಸಿದ ಮೊದಲ ವಾರಗಳಲ್ಲಿ ಮೈಮೇಲೆ ಗಂದೆ ಏಳುತ್ತದೆ. ಹಿಂದೆ ನೆವಿರಪಿನ್ ಗುಳಿಗೆಯಿಂದ ಇದು ಹೆಚ್ಚಾಗಿತ್ತು. ಆದ್ದರಿಂದಲೇ ಮೊದಲ 14 ದಿನ ಒಂದೊಂದೇ ಕೊಟ್ಟು, ಬಳಿಕ ದಿನಕ್ಕೆ ಎರಡಕ್ಕೆ ಏರಿಸುತ್ತಿದ್ದರು. ಇಂದು ಹೆಚ್ಚಿನವರಿಗೆ ಕೊಡುವ ಡೊಲುಟೆಗ್ರಾವಿರ್ ಗುಳಿಗೆಯಿಂದ ಈ ಕಾಟ ಕಡಿಮೆ. ಆದರೆ ಬೇರೆ ಸೋಂಕು ತಡೆಯಲು ಕೊಡುವ ಕೋಟ್ರೈಮಾಕ್ಸಜೋಲ್ ಎಂಬ ಸಲ್ಫಾ ಔಷಧ ಎಚ್.ಐ.ವಿ. ಇರುವವರಿಗೆ ಒಗ್ಗದಿರುವುದು ಇತರರಿಗಿಂತ ಹೆಚ್ಚು.

ಬರಿಯ ತುರಿಕೆ ಬಹುಮಟ್ಟಿಗೆ ಇಳಿದುಹೋಗುತ್ತದೆ. ಗಂದೆಯ ಜೊತೆಗೆ ಜ್ವರ, ಬಾಯಿಹುಣ್ಣು, ಕಣ್ಣು ಕೆಂಪಾಗುವುದು, ಚರ್ಮ ಬೊಬ್ಬೆ ಬಂದು ಸುಲಿಯುವುದು ಕಂಡರೆ ಪ್ರಾಣಕ್ಕೇ ಅಪಾಯ; ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು. ಹೇಳದೆ ಕೇಳದೆ ಗುಳಿಗೆ ಬಿಟ್ಟರೆ ರೋಗ ಮತ್ತೆ ಬಲಿಯುತ್ತದೆ. ಬಾಯಿ ಮುಚ್ಚಿ ನುಂಗುತ್ತಲೇ ಹೋದರೆ ಜೀವಕ್ಕೆ ಎರವಾಗಬಹುದು. ಬಿಡಬೇಕೋ, ಬದಲಿಸಬೇಕೋ ಎಂಬುದನ್ನು ವೈದ್ಯರೇ ಹೇಳಬೇಕು.

ಹಾಗಾದರೆ ಜನ ಏಕೆ ಬಚ್ಚಿಡುತ್ತಾರೆ? ಭಾನುವಳ್ಳಿಯ ಕೂಲಿಗಾರ ಹರಿಹರಕ್ಕೆ ಬಂದು, ಅಲ್ಲಿಂದ ದಾವಣಗೆರೆಗೆ ಬಸ್ಸು ಹಿಡಿದರೆ ಆ ದಿನದ ಕೂಲಿ ಹೋಯಿತು. ಮೈ ನೋಡಿದವರು ಕೇಳುವ ಪ್ರಶ್ನೆಗಳ ಭಯ ಬೇರೆ. ಇ.ಎಸ್.ಐ. ಅರ್ಹತೆಯುಳ್ಳ ಕಾರ್ಮಿಕನಿಗೆ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇಕಡಾ 70ರಷ್ಟು ಕಾಯಿಲೆ ಭತ್ಯೆ ಉಂಟು. ಇ.ಎಸ್.ಐ. ಇಲ್ಲದ ಮಂಡಕ್ಕಿ ಭಟ್ಟಿಯ ಆಳಿಗೆ, ತಳ್ಳುಗಾಡಿಯವನಿಗೆ ಏನುಂಟು? ಸೋಂಕಿನ ಕಾರಣಕ್ಕೆ ಕೆಲಸದಿಂದ ತೆಗೆಯುವ ತಾರತಮ್ಯವನ್ನು 2017ರ ಕಾಯಿದೆ ನಿಷೇಧಿಸಿದೆ. 2018ರ ಸೆಪ್ಟೆಂಬರ್ 10ರಿಂದ ಅದು ಜಾರಿಯಲ್ಲಿದೆ. ಕಾಗದದ ಮೇಲಿನ ಈ ಹಕ್ಕು ಗಿರಣಿಯ ಬಾಗಿಲು ದಾಟಿ ಒಳಗೆ ಬರಬೇಕು.

ನಮ್ಮ ಒತ್ತಾಯವಿಷ್ಟೆ: ಮೊದಲ ಗುಳಿಗೆ ಕೊಡುವ ದಿನವೇ ಅಪಾಯದ ಚಿಹ್ನೆಗಳನ್ನು ತಿಳಿಗನ್ನಡದಲ್ಲಿ ಹೇಳಿ ಕಳಿಸಲಿ. ಗಂದೆಯೆದ್ದು ಬಂದವರನ್ನು ಚರ್ಮವೈದ್ಯರು ಅದೇ ದಿನ ನೋಡಲಿ. ಇ.ಎಸ್.ಐ. ಇಲ್ಲದವರಿಗೆ ಸರ್ಕಾರ ಬಸ್ ಖರ್ಚು ಮತ್ತು ಕೂಲಿ ನಷ್ಟ ತುಂಬಿಕೊಡಲಿ. ಔಷಧದ ಅಡ್ಡಪರಿಣಾಮವನ್ನು 1800-180-3024ಕ್ಕೆ ಯಾರು ಬೇಕಾದರೂ ತಿಳಿಸಬಹುದು, ಎಚ್.ಐ.ವಿ. ಕುರಿತ ಸಲಹೆಗೆ 1097 ಇದೆ. ಎರಡಕ್ಕೂ ಕಾಸಿಲ್ಲ.

ಅಂಗಡಿಯ ಸೋದರರಿಗೂ ಒಂದು ಮಾತು: ಔಷಧದ ಗಂದೆ ಅಂಟುವುದಿಲ್ಲ, ಮುಟ್ಟಿದರೆ ಎಚ್.ಐ.ವಿ.ಯೂ ಹರಡದು. ಗಂದೆಯೆದ್ದ ಕೈಯಿಂದ ದುಡ್ಡು ಪಡೆದು ಸಾಮಾನು ಕೊಡಲು ಹಿಂಜರಿಯಬೇಡಿ.