ಇಂಗ್ಲೀಷ್ ಕಲಿಬೇಕಾ? ರಾಜಕಾರಣಿಗಳ ದುಡ್ಡಿನ ಸುದ್ದಿ ಓದ್ರಿ

ಹೆಣ್ಮಕ್ಳಿಗೆ ಇಂಗ್ಲೀಷ್ ಕಲಿಸ್ತೀವಿ ಅಂತ ಬರೋ ಪುಸ್ತಕ, ಮೊಬೈಲ್ ವಿಡಿಯೋ ಯಾವ್ದನ್ನಾದ್ರೂ ತಗದು ನೋಡ್ರಿ. ಮೊದಲ ಪಾಠ ‘ಹೌ ಆರ್ ಯೂ’. ಎರಡನೇದು ‘ಪ್ಲೀಸ್ ಸಿಟ್ ಡೌನ್, ಟೀ ಆರ್ ಕಾಫಿ’. ಮೂರನೇದು ತರಕಾರಿ ಹೆಸರು. ಅಂದ್ರೆ ಇಂಗ್ಲೀಷಿನಾಗೂ ನಾವು ಬಂದೋರಿಗೆ ಕಾಫಿ ಕೊಟ್ಕಂಡು ಈರುಳ್ಳಿ ಹೆಚ್ಕಂಡೇ ಇರಬೇಕು! ಈರುಳ್ಳಿಗೆ ಇಂಗ್ಲೀಷಿನಾಗೆ ಏನಂತಾರೆ ಅಂತ ಕಲ್ತು ಯಾವ ಹೆಣ್ಮಗಳ ಬಾಳು ಹಸನಾಗೈತೆ, ಹೇಳ್ರಿ ನೋಡಾಣ.

ನಮಗೆ ಬೇಕಾಗಿರಾದು ದುಡ್ಡಿನ ಇಂಗ್ಲೀಷು. ಅದರ ಪಾಠ ಪುಕ್ಕಟೆ ದಿನಾ ಪೇಪರ್‌ನಾಗೆ ಬರ್ತೈತೆ: ರಾಜಕಾರಣಿಗಳ ಆಸ್ತಿ, ಸಾಲ, ರೇಡು, ಬೇಲು. ಆ ಸುದ್ದಿ ಬಂದ ಕೂಡ್ಲೆ ಗಂಡಸ್ರು ಟಿವಿ ಮುಂದೆ ಕುಂತ್ಕಂತಾರೆ, ನಾವು ‘ಅದೆಲ್ಲ ನಮಗ್ಯಾಕೆ’ ಅಂತ ಅಡಿಗೆಮನೆಗೆ ಹೋಗ್ತೀವಿ. ಹೋಗಬ್ಯಾಡ್ರಿ ಅಂತ ಹೇಳಾಕೇ ಇದನ್ನ ಬರೀತಿದೀನಿ.

ದೂರ ಯಾಕೆ, ಪಕ್ಕದ ಚನ್ನಗಿರಿ ಸುದ್ದೀನೇ ತಗಳ್ರಿ. 2023ರ ಮಾರ್ಚ್ 2ಕ್ಕೆ ಆಗಿನ ಶಾಸಕರು ಮಾಡಾಳ್ ವಿರೂಪಾಕ್ಷಪ್ಪನೋರ ಮಗನ್ನ, 40 ಲಕ್ಷ ಲಂಚ ತಗಂತಿದ್ರು ಅಂತ ಬೆಂಗಳೂರಾಗೆ ಲೋಕಾಯುಕ್ತದೋರು ಹಿಡಿದ್ರು. ಹುಡುಕಿದಾಗ 8 ಕೋಟಿ ಸುಮಾರು ನಗದು ಸಿಕ್ತು ಅಂತ ಸುದ್ದಿ ಆತು. ತಂದೆ ಆಗ ಮೈಸೂರು ಸ್ಯಾಂಡಲ್ ಸೋಪು ಮಾಡೋ ಸರ್ಕಾರಿ ಕಂಪನಿ ಅಧ್ಯಕ್ಷರಾಗಿದ್ರು. ಆ ಒಂದು ವರ್ಷದ ಸುದ್ದಿಯಾಗೆ ಎಷ್ಟು ಇಂಗ್ಲೀಷ್ ಐತೆ ನೋಡ್ರಿ. ‘ಟ್ರ್ಯಾಪ್’ ಅಂದ್ರೆ ಬೋನು. ಲಂಚ ತಗಳೋ ಹೊತ್ತಿಗೇ ಹಿಡಿಯಾದಕ್ಕೂ ಅದೇ ಮಾತು. ‘ಅಲೆಜ್ಡ್’ ಅಂದ್ರೆ ಆರೋಪ ಐತೆ, ಇನ್ನೂ ಸಾಬೀತಾಗಿಲ್ಲ. ‘ಆಂಟಿಸಿಪೇಟರಿ ಬೇಲ್’ ಅಂದ್ರೆ ಹಿಡಿಯಾಕಿಂತ ಮುಂಚೇನೇ ತಗಳೋ ಜಾಮೀನು. ‘ಇಂಟೆರಿಮ್’ ಅಂದ್ರೆ ಸದ್ಯಕ್ಕೆ ಮಾತ್ರ. ತಂದೆಗೆ ಸದ್ಯದ ಜಾಮೀನು ಸಿಕ್ಕಿತ್ತು, ಮಾರ್ಚ್ 27ಕ್ಕೆ ಹೈಕೋರ್ಟ್ ಇಲ್ಲ ಅಂತು, ಅವತ್ತೇ ಅವರ ಬಂಧನ ಆತು. ‘ಕ್ವಾಷ್’ ಅಂದ್ರೆ ರದ್ದು. ಅದೇ ವರ್ಷ ಡಿಸೆಂಬರ್‌ನಾಗೆ ತಂದೆ ಮೇಲಿನ ಕೇಸನ್ನ ಹೈಕೋರ್ಟ್ ರದ್ದು ಮಾಡ್ತು. ‘ಅಲೆಜ್ಡ್’, ‘ಕ್ವಾಷ್’ ಇವೆರಡು ಗೊತ್ತಿಲ್ದೋರು ಕಟ್ಟೆ ಮ್ಯಾಲೆ ಕುಂತು ತೀರ್ಪು ಕೊಡ್ತಾರೆ. ಗೊತ್ತಿದ್ದೋರು ಒಂದು ಗಳಿಗೆ ತಡೀತಾರೆ.

ಆಗ ಇನ್ನೊಂದು ಮಾತೂ ಬಂತು. ನಮ್ಮದು ಅಡಿಕೆ ಸೀಮೆ, ಇಲ್ಲಿ ಸಾಮಾನ್ಯರ ಮನ್ಯಾಗೂ ಕೋಟಿಗಟ್ಲೆ ಇರ್ತೈತೆ ಅನ್ನೋ ಅರ್ಥದಾಗೆ ಶಾಸಕರು ಹೇಳಿದ್ರು. ಹೌದಾ? ಲೆಕ್ಕ ಹಾಕ್ರಿ. ಕ್ವಿಂಟಾಲಿಗೆ 50,000 ಅಂತ ಹಿಡುದ್ರೆ 1 ಕೋಟಿಗೆ 200 ಕ್ವಿಂಟಾಲ್ ಬೇಕು. ಎಕರೆಗೆ 10 ಕ್ವಿಂಟಾಲ್ ಅಂದ್ರೂ 20 ಎಕರೆ ತೋಟ. ಕೊಯ್ಲಿನ ಕೂಲಿ, ಸುಲಿಯೋ ಕೂಲಿ, ಗೊಬ್ಬರ, ಬೋರು ಎಲ್ಲ ಬಿಟ್ಟು ಈ ಲೆಕ್ಕ. ಅಡಿಕೆ ಸುಲಿದು ಬೆರಳು ಕರ್ರಗಾಗಿರೋ ನಾವು ಆ ಮಾತು ಕೇಳಿ ಸುಮ್ನೆ ನಕ್ವಿ. ಲೆಕ್ಕ ಕೇಳಬೇಕಿತ್ತು.

ಇನ್ನು ದೊಡ್ಡ ಪಾಠ ಐತೆ. ಚುನಾವಣೆಗೆ ನಿಲ್ಲೋರು ತಮ್ಮ ಆಸ್ತಿ ಎಷ್ಟು, ಸಾಲ ಎಷ್ಟು ಅಂತ ಪ್ರಮಾಣ ಮಾಡಿ ಬರಕೊಡಬೇಕು. ಅದು ತಿಳಕಳಾದು ಮತದಾರರ ಹಕ್ಕು ಅಂತ 2002ರ ಮೇ 2ಕ್ಕೆ ಸುಪ್ರೀಂ ಕೋರ್ಟ್ ಹೇಳ್ತು. ಆ ಅಫಿಡವಿಟ್ಟಿಗೆ ಫಾರಂ 26 ಅಂತಾರೆ. ಚುನಾವಣಾ ಆಯೋಗದ ವೆಬ್‌ಸೈಟ್‌ನಾಗೆ ಯಾರು ಬೇಕಾದ್ರೂ ನೋಡಬಹುದು, ನಮ್ಮ ಹೊನ್ನಾಳಿ ಕ್ಷೇತ್ರದೋರದ್ದೂ ಐತೆ. ಅದರಾಗೆ ‘ಸೆಲ್ಫ್’ ಅಂದ್ರೆ ತಾನು, ‘ಸ್ಪೌಸ್’ ಅಂದ್ರೆ ಗಂಡ ಇಲ್ಲ ಹೆಂಡ್ತಿ, ‘ಡಿಪೆಂಡೆಂಟ್’ ಅಂದ್ರೆ ಅವಲಂಬಿತರು. ‘ಮೂವಬಲ್’ ಅಂದ್ರೆ ನಗದು, ಬಂಗಾರ, ಗಾಡಿ. ‘ಇಮ್ಮೂವಬಲ್’ ಅಂದ್ರೆ ಹೊಲ, ಮನೆ, ಸೈಟು. ‘ಇನ್ಹೆರಿಟೆಡ್’ ಅಂದ್ರೆ ಹಿರೇರಿಂದ ಬಂದದ್ದು, ‘ಸೆಲ್ಫ್ ಅಕ್ವೈರ್ಡ್’ ಅಂದ್ರೆ ತಾನೇ ಗಳಿಸಿದ್ದು. ‘ಲಯಬಿಲಿಟಿ’ ಅಂದ್ರೆ ತೀರಿಸಬೇಕಾದ ಸಾಲ, ಹೊಣೆ. 2023ರಾಗೆ ಡಿ.ಕೆ. ಶಿವಕುಮಾರ್ ಕುಟುಂಬದ ಆಸ್ತಿ ಸುಮಾರು 1,413 ಕೋಟಿ ಅಂತ ಎಲ್ಲರೂ ಬಾಯಿ ಬಿಟ್ಕಂಡು ಓದಿದ್ರು. ಅದೇ ಅಫಿಡವಿಟ್‌ನಾಗೆ ಸುಮಾರು 265 ಕೋಟಿ ಲಯಬಿಲಿಟಿ ಅಂತಾನೂ ಇತ್ತು. ಅಸೆಟ್ ಓದಿ ಲಯಬಿಲಿಟಿ ಬಿಟ್ರೆ ಓದಿದಂಗಲ್ಲ.

ಈಗ ನಮ್ಮ ಮನೆಗೆ ಬರ್ರಿ. ಶಾಸಕರ ಹೆಂಡ್ತಿ ಹತ್ರ ಎಷ್ಟು ಗ್ರಾಂ ಬಂಗಾರ ಐತೆ, ಅವರ ಹೆಸರಿಗೆ ಎಷ್ಟು ಸಾಲ ಐತೆ ಅಂತ ಇಡೀ ತಾಲ್ಲೂಕು ಓದಬಹುದು. ನಮ್ಮ ಹೆಸರಿಗೆ ಎಷ್ಟು ಸಾಲ ಐತೆ ಅಂತ ನಮಗೇ ಗೊತ್ತಿಲ್ಲ. ‘ಇಲ್ಲೊಂದು ಸೈನ್ ಮಾಡು’ ಅಂತಾರೆ, ಒದ್ದೆ ಕೈ ಸೆರಗಿಗೆ ಒರಸ್ಕಂಡು ಮಾಡ್ತೀವಿ. ಆ ಹಾಳ್ಯಾಗೆ ‘ಗ್ಯಾರಂಟರ್’ ಅಂತ ಇದ್ರೆ ಸಾಲ ತಗಂಡೋರು ಕಟ್ಟದಿದ್ರೆ ನಾವು ಕಟ್ಟಬೇಕು. ‘ಕೋ-ಬಾರೋಯರ್’ ಅಂತ ಇದ್ರೆ ಮೊದಲ ದಿನದಿಂದ್ಲೇ ಆ ಸಾಲ ನಮ್ಮದೂ ಹೌದು. ಇನ್ಹೆರಿಟೆಡ್ ಅನ್ನೋ ಮಾತೂ ನಮಗೆ ಬೇಕು. ಪಿತ್ರಾರ್ಜಿತ ಆಸ್ತಿಯಾಗೆ ಹೆಣ್ಮಕ್ಳಿಗೂ ಸಮಪಾಲು ಅಂತ 2005ರ ಕಾಯ್ದೆ ಹೇಳೈತೆ. ಅರಿಶಿನ ಕುಂಕುಮ, ಒಂದು ಸೀರೆ ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸೈನ್ ಹಾಕಿಸ್ಕಳಾದು ನಿಂತೈತಾ?

‘ಕನ್ನಡ ನಾಡಾಗೆ ಇದ್ಕಂಡು ಇಂಗ್ಲೀಷ್ ಯಾಕೆ ಬೇಕು’ ಅಂತ ಕೇಳೋರು ಇದಾರೆ. ಮಾತು ಸರಿಯೇ. ಆದ್ರೆ ಸಾಲದ ಹಾಳೆ ಇಂಗ್ಲೀಷಿನಾಗೆ ಬಂದ್ರೆ ಕನ್ನಡಾಭಿಮಾನ ಕಂತು ಕಟ್ಟಲ್ಲ. 2024ರ ಅಕ್ಟೋಬರ್ 1ರಿಂದ ಹೊಸ ಸಾಲ ಕೊಡುವಾಗ ಬಡ್ಡಿ, ಶುಲ್ಕ, ಕಂತು ಎಲ್ಲ ತೋರ್ಸೋ ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’ ಅನ್ನೋ ಪತ್ರವನ್ನ ಸಾಲಗಾರರಿಗೆ ಅರ್ಥ ಆಗೋ ಭಾಷೆಯಾಗೇ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಐತೆ. ನೋಡ್ರಿ ತಮಾಷೆ, ಕನ್ನಡದ ಹಾಳೆ ಕೇಳಾಕೂ ಮೂರು ಇಂಗ್ಲೀಷ್ ಮಾತು ಗೊತ್ತಿರಬೇಕು!

‘ಹೆಂಗಸ್ರು ಓದಿ ಏನ್ ಮಾಡ್ತಾರೆ, ಮನ್ಯಾಗೆ ಜಗಳ ಶುರುವಾಗ್ತೈತೆ’ ಅಂತಾನೂ ಅಂತಾರೆ. ಸೈನ್ ಮಾಡುವಾಗ ಬೇಕಾದ ಹೆಂಗಸ್ರು ಓದುವಾಗ ಯಾಕೆ ಬ್ಯಾಡ? ಕೇಳಿದ್ದಕ್ಕೇ ಜಗಳ ಆದ್ರೆ ಆ ಹಾಳ್ಯಾಗೆ ಏನೋ ಐತೆ ಅಂತ್ಲೇ ಲೆಕ್ಕ.

ಅಕ್ಕೋರೆ, ತಂಗ್ಯಾರೆ, ದಿನಕ್ಕೆ ಒಂದೇ ಮಾತು ಸಾಕು. ಮಕ್ಕಳ ಹಳೇ ನೋಟ್‌ಬುಕ್‌ನಾಗೆ ಖಾಲಿ ಹಾಳೆ ಇದ್ದೇ ಇರ್ತಾವೆ. ಸುದ್ದಿಯಾಗೆ ಬಂದ ಮಾತು ಒಂದು ಕಡೆ, ಅದರ ಅರ್ಥ ಇನ್ನೊಂದು ಕಡೆ ಬರೀರಿ. ತಿಂಗಳಿಗೆ ಮೂವತ್ತು ಮಾತಾಗ್ತಾವೆ. ಮುಂದಿನ ಸಲ ಯಾರಾದ್ರೂ ಹಾಳೆ ಚಾಚಿದ್ರೆ ಪೆನ್ನು ಆಮೇಲೆ ತಗಳ್ರಿ, ಮೊದಲು ಕನ್ನಡಕ ತಗಳ್ರಿ.