ಕಾರಿನ ಮೇಲೊಂದು ಹಟಮಾರಿ ಕೋಲು
ಮಕ್ಕಳೇ, ವಸಂತಪುರದಲ್ಲಿ ಕಾರು ನಿಲ್ಲಿಸಿ ನಾನು ಅದರ ಮೇಲಿನ ಕೋಲನ್ನು ಉದ್ದ-ಗಿಡ್ಡ ಮಾಡುತ್ತಿದ್ದರೆ, ‘ತಾತ, ಮೀನು ಹಿಡಿಯೋಕಾ?’ ಎನ್ನುತ್ತಾರೆ. ಅದು ಹ್ಯಾಮ್ ರೇಡಿಯೋ ಆಂಟೆನಾ.

7 ಮೆಗಾಹರ್ಟ್ಸ್‌ನ ಅಲೆಗೆ ಸುಮಾರು 10 ಮೀಟರ್ ಕೋಲು ಬೇಕು. ಕಾರಿನ ಮೇಲೆ ಅಷ್ಟುದ್ದ ನಿಲ್ಲಿಸಿದರೆ ಮೊದಲ ತಿರುವಿನಲ್ಲೇ ಕರೆಂಟ್ ತಂತಿ! ಅದಕ್ಕೇ ಎರಡು ಮೀಟರ್ ಕೋಲು, ಕೊರತೆ ತುಂಬಲು ತಾಮ್ರದ ಸುರುಳಿ. ತುದಿಯನ್ನು ಒಂದೆರಡು ಸೆಂಟಿಮೀಟರ್ ಏರಿಸಿದರೆ ಆವರ್ತನ ಇಳಿಯುತ್ತದೆ, ಇಳಿಸಿದರೆ ಏರುತ್ತದೆ. ಹೊಂದದಿದ್ದರೆ ಕಳಿಸಿದ ಶಕ್ತಿಯಲ್ಲಿ ಒಂದು ಪಾಲು ಸೆಟ್ಟಿಗೇ ವಾಪಸ್. ಎಸ್‌ಡಬ್ಲ್ಯುಆರ್ ಮೀಟರ್ ಅದನ್ನು ತೋರಿಸುತ್ತದೆ. ಮಾತಾಡುವಾಗ ಮಾತ್ರ ಕೋಲು ಮುಟ್ಟಬೇಡಿ, ಕೈ ಸುಟ್ಟೀತು.

2004ರ ಸುನಾಮಿಯಲ್ಲಿ ಅಂಡಮಾನಿನ ಫೋನುಗಳು ಸತ್ತಾಗ, ಪೋರ್ಟ್ ಬ್ಲೇರ್‌ನಲ್ಲಿದ್ದ ಹ್ಯಾಮ್ ಭಾರತಿ ಪ್ರಸಾದ್ ಹೊರಗಿನವರಿಗೆ ಸುದ್ದಿ ಮುಟ್ಟಿಸಿದ್ದು ರೇಡಿಯೋದಲ್ಲೇ.

12 ವರ್ಷ ತುಂಬಿದೆಯೇ? ನೀವೂ ಪರೀಕ್ಷೆ ಬರೆದು ಲೈಸೆನ್ಸ್ ಪಡೆಯಬಹುದು. ಅಜ್ಜ-ಅಜ್ಜಿಯರೂ ಬರೆಯಬಹುದು.